ಪಕ್ಕದ ಸೆಲ್, ಪಕ್ಕದ ಸ್ಕೂಟರ್, ಪಕ್ಕದ ಮನೆ

ಯಶವಂತಪುರದಲ್ಲಿ ಹಸಿರು ಲೈನ್ ಮೆಟ್ರೋ ಹತ್ತಿ ಮೆಜೆಸ್ಟಿಕ್ ಕಡೆ ಹೊರಟರೆ ಮೊದಲು ಸ್ಯಾಂಡಲ್ ಸೋಪ್ ಫ್ಯಾಕ್ಟರಿ, ಆಮೇಲೆ ಮಹಾಲಕ್ಷ್ಮಿ, ಮೂರನೆಯದು ರಾಜಾಜಿನಗರ. ಅಲ್ಲಿಂದ ಡಾ. ರಾಜ್‌ಕುಮಾರ್ ರಸ್ತೆ ದೂರವೇನಿಲ್ಲ. 2024ರ ನವೆಂಬರ್ 19, ಮಂಗಳವಾರ ಸಂಜೆ, ಆ ರಸ್ತೆಯ ಎಲೆಕ್ಟ್ರಿಕ್ ಸ್ಕೂಟರ್ ಶೋರೂಮೊಂದಕ್ಕೆ ಬೆಂಕಿ ಬಿತ್ತು. ಒಳಗಿದ್ದ ಉಳಿದವರು ಓಡಿ ಹೊರಬಂದರು. ಅಲ್ಲಿ ಕೆಲಸಕ್ಕಿದ್ದ ಇಪ್ಪತ್ತು ವರ್ಷದ ಯುವತಿಯೊಬ್ಬರಿಗೆ ಹೊರಬರಲು ಆಗಲಿಲ್ಲ. ಸುಮಾರು 45 ಸ್ಕೂಟರ್ ಸುಟ್ಟುಹೋದವು ಅಂತ ಮಾರನೇ ದಿನದ ಪತ್ರಿಕೆಗಳಲ್ಲಿ ಬಂತು. ಶಾರ್ಟ್ ಸರ್ಕ್ಯೂಟ್ ಇರಬಹುದು ಅನ್ನೋದು ಮೊದಲ ಅನುಮಾನವಾಗಿತ್ತು.

ಇಂಥ ಸುದ್ದಿ ಬಂದ ಕೂಡಲೇ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಎರಡು ಪಕ್ಷ ಆಗುತ್ತೆ. ಒಂದು ಪಕ್ಷದವರು 'ನಾನು ಅವತ್ತೇ ಹೇಳಿದ್ದೆ, ಇವಿ ತಗೋಬೇಡಿ' ಅಂತಾರೆ. ಇನ್ನೊಂದು ಪಕ್ಷದವರು 'ಪೆಟ್ರೋಲ್ ಗಾಡಿ ಉರಿಯಲ್ವಾ?' ಅಂತ ಕೇಳ್ತಾರೆ. ಎರಡೂ ಪಕ್ಷದವರು ಚರ್ಚೆ ಮಾಡೋದು ಒಂದೇ ವಿಷಯ: ಬೆಂಕಿ ಯಾಕೆ ಹೊತ್ತಿಕೊಂಡಿತು. ಆದರೆ ಈ ಬ್ಯಾಟರಿಯ ಮೂವತ್ತು ಚಿಲ್ಲರೆ ವರ್ಷಗಳ ಇತಿಹಾಸ ಓದುತ್ತಾ ಹೋದರೆ, ಇದರ ಜೊತೆ ಕೆಲಸ ಮಾಡಿದವರು ಕೊನೆಗೆ ಬಂದು ನಿಂತದ್ದು ಬೇರೊಂದು ಪ್ರಶ್ನೆಯ ಎದುರು ಅಂತ ಗೊತ್ತಾಗುತ್ತೆ. ಹೊತ್ತಿಕೊಂಡದ್ದು ಪಕ್ಕದ್ದಕ್ಕೆ ಯಾಕೆ ದಾಟಿತು? ಈ ಪ್ರಶ್ನೆ ಹಿಡಿದುಕೊಂಡು ಹೋದರೆ ರಾಜಾಜಿನಗರದ ಆ ಸಂಜೆಯೂ, ನಿಮ್ಮ ಮನೆಯ ಮೆಟ್ಟಿಲ ಕೆಳಗಿನ ಪಾರ್ಕಿಂಗೂ ಬೇರೆ ಥರ ಕಾಣಿಸುತ್ತೆ.

ಬೆಂಗಳೂರಿಗೆ ಬ್ಯಾಟರಿ ಹೊಸದಲ್ಲ. ಲೋಡ್ ಶೆಡ್ಡಿಂಗ್ ಕಾಲದಲ್ಲಿ ಬೆಳೆದವರಿಗೆ ಇನ್ವರ್ಟರ್ ಬ್ಯಾಟರಿ ಮನೆಯ ಒಬ್ಬ ಸದಸ್ಯ ಇದ್ದ ಹಾಗೆ. ಮೆಟ್ಟಿಲ ಕೆಳಗೋ, ಯುಟಿಲಿಟಿಯಲ್ಲೋ, ಬಾಲ್ಕನಿಯ ಮೂಲೆಯಲ್ಲೋ ಅದರ ಜಾಗ. ಆಗಾಗ ಮುಚ್ಚಳ ಬಿಚ್ಚಿ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಟರ್ಮಿನಲ್ ಮೇಲೆ ಕಟ್ಟಿದ ಬಿಳೀ ಪುಡಿ ಒರೆಸಬೇಕು. ಎತ್ತಲು ಇಬ್ಬರು ಬೇಕು. ಆಸಿಡ್ ಚೆಲ್ಲಿದರೆ ನೆಲ ಹಾಳು, ಬಟ್ಟೆ ತೂತು. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತೆ, ಅದಕ್ಕೇ ಗಾಳಿ ಆಡುವ ಕಡೆ ಇಡಿ ಅಂತ ಅಂಗಡಿಯವನು ಹೇಳಿ ಹೋಗ್ತಿದ್ದ. ಇಷ್ಟು ಜೋಪಾನ ಮಾಡಿದರೆ ಅದು ವರ್ಷಗಟ್ಟಲೆ ಸುಮ್ಮನೆ ಬಿದ್ದಿರುತ್ತಿತ್ತು.

ಎಲೆಕ್ಟ್ರಿಕ್ ವಾಹನವೂ ಈ ಊರಿಗೆ ಬೇಗ ಬಂತು. ಬೆಂಗಳೂರಿನ ಮೈನಿ ಸಮೂಹ ಮತ್ತು ಅಮೆರಿಕದ ಅಮೆರಿಗಾನ್ ಕಂಪನಿ ಸೇರಿ 1994ರಲ್ಲಿ ಶುರು ಮಾಡಿದ ಸಾಹಸದಿಂದ 2001ರಲ್ಲಿ ರೇವಾ ಕಾರು ರಸ್ತೆಗಿಳಿಯಿತು. ಪುಟಾಣಿ ಕಾರು. ಅದರ ಹೊಟ್ಟೆಯಲ್ಲಿ ಇದ್ದದ್ದು ನಮ್ಮ ಇನ್ವರ್ಟರ್ ಜಾತಿಯದೇ ಲೆಡ್-ಆಸಿಡ್ ಬ್ಯಾಟರಿ, ಆರಾರು ವೋಲ್ಟಿನ ಎಂಟು. ಲಿಥಿಯಂ ಹಾಕಿದ ರೇವಾ ಬಂದದ್ದು 2009ರಲ್ಲಿ. ಅಂದರೆ ಸುಮಾರು ಹತ್ತು ವರ್ಷ ಈ ಊರಿನಲ್ಲಿ ಎಲೆಕ್ಟ್ರಿಕ್ ಗಾಡಿ ಅಂದರೆ ತೂಕದ, ನಿಧಾನದ, ಅಷ್ಟು ಸುಲಭಕ್ಕೆ ರೇಗದ ಬ್ಯಾಟರಿ ಅಂತಲೇ ಅರ್ಥ. ಆ ಕಾಲದ ಅಗ್ಗದ ಸ್ಕೂಟರ್‌ಗಳ ಕಥೆಯೂ ಹೆಚ್ಚುಕಮ್ಮಿ ಇದೇ.

ಇದರಿಂದ ನಮಗೊಂದು ಅಭ್ಯಾಸ ಅಂಟಿಕೊಂಡಿತು: ಬ್ಯಾಟರಿಯ ಜಾಗ ಮೆಟ್ಟಿಲ ಕೆಳಗೆ, ರಾತ್ರಿ ಪ್ಲಗ್ಗಿಗೆ ಹಾಕಿ ಮಲಗೋದು, ಬೆಳಿಗ್ಗೆ ತೆಗೆಯೋದು. ಆಮೇಲೆ ಬ್ಯಾಟರಿ ಬದಲಾಯಿತು, ಅಭ್ಯಾಸ ಹಾಗೇ ಉಳಿಯಿತು.

ಬದಲಾಗಿ ಬಂದದ್ದು ಲಿಥಿಯಂ-ಅಯಾನ್. ಇದರ ಹುಟ್ಟಿನಲ್ಲೇ ಬೆಂಕಿಯ ಪ್ರಶ್ನೆ ಇದೆ. ಎಂಬತ್ತರ ದಶಕದಲ್ಲಿ ಲಿಥಿಯಂ ಲೋಹವನ್ನೇ ಬಳಸಿ ರೀಚಾರ್ಜ್ ಮಾಡಬಹುದಾದ ಬ್ಯಾಟರಿ ಮಾಡಲು ಹಲವರು ಹೊರಟಿದ್ದರು. ಕೆನಡಾದ ಮೋಲಿ ಎನರ್ಜಿ ಕಂಪನಿ ಅಂಥದ್ದನ್ನು ಮಾರುಕಟ್ಟೆಗೂ ತಂದಿತು. 1989ರಲ್ಲಿ ಜಪಾನಿನಲ್ಲಿ ಆ ಬ್ಯಾಟರಿ ಇದ್ದ ಮೊಬೈಲ್ ಫೋನುಗಳಲ್ಲಿ ಬೆಂಕಿ ಕಾಣಿಸಿಕೊಂಡು ಎಲ್ಲವನ್ನೂ ವಾಪಸ್ ಕರೆಸಬೇಕಾಯಿತು. ಇದಕ್ಕೂ ಮೊದಲೇ, 1986ರಲ್ಲಿ, ಅಕಿರಾ ಯೋಶಿನೋ ಒಂದು ಪರೀಕ್ಷೆ ಮಾಡಿದ್ದರು. ಲಿಥಿಯಂ ಲೋಹದ ಬ್ಯಾಟರಿಯ ಮೇಲೆ ಕಬ್ಬಿಣದ ತುಂಡು ಬೀಳಿಸಿದರೆ ಅದು ಸಿಡಿದು ಉರಿಯಿತು. ಲೋಹದ ಬದಲು ಇಂಗಾಲದ ವಸ್ತುವಿನೊಳಗೆ ಲಿಥಿಯಂ ಅಯಾನುಗಳನ್ನು ಅಡಗಿಸುವ ತಮ್ಮ ಬ್ಯಾಟರಿಯ ಮೇಲೆ ಬೀಳಿಸಿದಾಗ ಅಂಥದ್ದೇನೂ ಆಗಲಿಲ್ಲ. ಲಿಥಿಯಂ-ಅಯಾನ್ ನಿಜವಾಗಿ ಹುಟ್ಟಿದ ಗಳಿಗೆ ಅದೇ ಅಂತ ಅವರು ಮುಂದೆ ಹೇಳಿಕೊಂಡರು. 1991ರಲ್ಲಿ ಸೋನಿ ಅದನ್ನು ಮಾರುಕಟ್ಟೆಗೆ ತಂದಿತು. 2019ರಲ್ಲಿ ಯೋಶಿನೋ, ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮೂವರಿಗೂ ನೊಬೆಲ್ ಬಂತು.

ಸುರಕ್ಷಿತ ಅಂತ ಆರಿಸಿಕೊಂಡ ಬ್ಯಾಟರಿ ಇದು. ಹಳೆಯದಕ್ಕೆ ಹೋಲಿಸಿದರೆ ಆ ಮಾತು ನಿಜವೂ ಹೌದು. ಆದರೆ ಅದಕ್ಕೊಂದು ಗುಣ ಇದೆ. ಒಳಗೆ ಶಾರ್ಟ್ ಆಗಿಯೋ, ಅತಿಯಾಗಿ ಚಾರ್ಜ್ ಆಗಿಯೋ, ಪೆಟ್ಟು ಬಿದ್ದೋ ಒಂದು ಸೆಲ್ಲಿನ ಕಾವು ಏರತೊಡಗಿತು ಅಂದುಕೊಳ್ಳಿ. 80ರಿಂದ 120 ಡಿಗ್ರಿಯ ನಡುವೆ ಒಳಗಿನ ಒಂದು ತೆಳು ರಕ್ಷಣಾ ಪದರ ಕೆಡಲು ಶುರುವಾಗುತ್ತೆ. 130ರ ಆಸುಪಾಸಿನಲ್ಲಿ ಧನ-ಋಣಗಳನ್ನು ಬೇರೆ ಇಟ್ಟಿರುವ ಪ್ಲಾಸ್ಟಿಕ್ ಹಾಳೆ ಕರಗುತ್ತೆ. 200 ದಾಟಿದರೆ ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್ ಜಾತಿಯ ಸೆಲ್ಲುಗಳಲ್ಲಿ ಆಮ್ಲಜನಕವೂ ಹೊರಬರತೊಡಗುತ್ತೆ. ಪ್ರತಿ ಹಂತವೂ ತಾನೇ ಕಾವು ಹುಟ್ಟಿಸಿ ಮುಂದಿನ ಹಂತವನ್ನು ಎಬ್ಬಿಸುತ್ತೆ. ಇದಕ್ಕೆ ಎಂಜಿನಿಯರುಗಳು ಥರ್ಮಲ್ ರನ್‌ಅವೇ ಅಂತಾರೆ. ಕೈಮೀರಿದ ಕಾವು ಅನ್ನಬಹುದು. ಹಾಲು ಉಕ್ಕುವಾಗ ಒಲೆ ಆರಿಸಿದರೆ ನಿಲ್ಲುತ್ತೆ. ಇಲ್ಲಿ ಹಾಲೇ ಒಲೆ. ಐರನ್ ಫಾಸ್ಫೇಟ್ ಬಳಸುವ ಎಲ್‌ಎಫ್‌ಪಿ ಜಾತಿ ಇದಕ್ಕಿಂತ ಹೆಚ್ಚು ಕಾವು ತಡೆಯುತ್ತೆ, ಆದರೆ ಅದಕ್ಕೂ ಮಿತಿ ಇದೆ.

ಒಂದು ಸೆಲ್ ಅಂದರೆ ಎಷ್ಟು? ತುಂಬ ಬಳಕೆಯಲ್ಲಿರುವ ಒಂದಕ್ಕೆ 18650 ಅಂತ ಹೆಸರು. 18 ಮಿಲಿಮೀಟರ್ ಅಗಲ, 65 ಮಿಲಿಮೀಟರ್ ಉದ್ದ. ಪೆನ್ಸಿಲ್ ಸೆಲ್ಲಿಗಿಂತ ತುಸು ದೊಡ್ಡದು, ಅಷ್ಟೇ. ಅಂಥ ಒಂದು ಉರಿದರೆ ಹೆದರಿಕೆ ಆಗುತ್ತೆ, ಆದರೆ ಮನೆ ಸುಡುವಷ್ಟಲ್ಲ. ಮೂರು ಯೂನಿಟ್ ಕರೆಂಟು ಹಿಡಿಯುವ ಸ್ಕೂಟರ್ ಪ್ಯಾಕಿನಲ್ಲಿ, ಸೆಲ್ಲಿನ ಗಾತ್ರ ನೋಡಿಕೊಂಡು, ನೂರೈವತ್ತರಿಂದ ಮುನ್ನೂರರಷ್ಟು ಸೆಲ್ ಇರುತ್ತವೆ. ಒಂದರ ಪಕ್ಕ ಒಂದು ಒತ್ತಾಗಿ ಜೋಡಿಸಿರುತ್ತಾರೆ. ನಿಜವಾದ ಅಪಾಯ ಈ ಜೋಡಣೆಯಲ್ಲಿದೆ.

ಇದನ್ನು ಜಗತ್ತು ದುಬಾರಿ ಬೆಲೆ ತೆತ್ತು ಕಲಿತದ್ದು ಒಂದು ವಿಮಾನದಿಂದ. 2013ರ ಜನವರಿ 7ರಂದು ಅಮೆರಿಕದ ಬಾಸ್ಟನ್ನಿನಲ್ಲಿ ನಿಂತಿದ್ದ ಜಪಾನ್ ಏರ್‌ಲೈನ್ಸಿನ ಬೋಯಿಂಗ್ 787 ವಿಮಾನದ ಬ್ಯಾಟರಿಯಲ್ಲಿ ಬೆಂಕಿ ಬಂತು. ಹತ್ತೇ ದಿನದೊಳಗೆ ಜಪಾನಿನಲ್ಲಿ ಇನ್ನೊಂದು 787 ಬ್ಯಾಟರಿಯ ತೊಂದರೆಯಿಂದ ತುರ್ತಾಗಿ ಇಳಿಯಿತು. ಜಗತ್ತಿನ ಎಲ್ಲ 787ಗಳೂ ನೆಲಕ್ಕೆ ಕೂತವು, ನಮ್ಮ ಏರ್ ಇಂಡಿಯಾದ ಆರು ಡ್ರೀಮ್‌ಲೈನರ್‌ಗಳೂ ಸೇರಿ. ಆ ಬ್ಯಾಟರಿಯಲ್ಲಿ ಇದ್ದದ್ದು ಎಂಟು ದೊಡ್ಡ ಸೆಲ್. ಬಾಸ್ಟನ್ ಘಟನೆಯ ತನಿಖೆಯಲ್ಲಿ ಕಂಡದ್ದು, ಒಂದು ಸೆಲ್ಲಿನೊಳಗೆ ಆದ ಶಾರ್ಟ್ ಪಕ್ಕದ ಸೆಲ್ಲುಗಳಿಗೆ ದಾಟಿತ್ತು. ಹಾಗೆ ದಾಟಲಾರದು ಅಂತ ವಿನ್ಯಾಸದ ಹೊತ್ತಿನಲ್ಲಿ ಎಣಿಸಿದ್ದು ತಪ್ಪಾಗಿತ್ತು.

ಪರಿಹಾರ ನೋಡಿ. ಸೆಲ್ ಎಂದೂ ಕೆಡದ ಹಾಗೆ ಮಾಡ್ತೀವಿ ಅಂತ ಬೋಯಿಂಗ್ ಹೊರಡಲಿಲ್ಲ. ಸೆಲ್ಲುಗಳ ನಡುವೆ ನಿರೋಧಕ ಹಾಕಿದರು. ಇಡೀ ಬ್ಯಾಟರಿಯನ್ನು ಸ್ಟೀಲ್ ಪೆಟ್ಟಿಗೆಯಲ್ಲಿ ಕೂರಿಸಿದರು. ಹೊಗೆ ವಿಮಾನದೊಳಗೆ ಬಾರದೆ ಹೊರಕ್ಕೆ ಹೋಗುವ ಕೊಳವೆ ಇಟ್ಟರು. ಏಪ್ರಿಲ್ ಹೊತ್ತಿಗೆ ವಿಮಾನಗಳು ಮತ್ತೆ ಹಾರಿದವು. ಒಂದು ಸೆಲ್ ಕೆಟ್ಟೇ ಕೆಡುತ್ತೆ ಅಂತ ಒಪ್ಪಿಕೊಂಡು, ಕೆಟ್ಟದ್ದು ಅಲ್ಲೇ ಸಾಯಲಿ ಅನ್ನುವ ಲೆಕ್ಕ ಅದು.

ಈ ಪಾಠ ವಿಮಾನದಿಂದ ಬೀದಿಗೆ ಬರೋದು ತಡವಾಯಿತು. 2015-16ರಲ್ಲಿ ಅಮೆರಿಕದಲ್ಲಿ ಹೋವರ್‌ಬೋರ್ಡ್ ಹುಚ್ಚು ಎದ್ದು, ಮನೆಗಳಲ್ಲಿ ಅವು ಉರಿಯತೊಡಗಿ, 2016ರ ಜುಲೈನಲ್ಲಿ ಐದು ಲಕ್ಷಕ್ಕೂ ಹೆಚ್ಚು ಹೋವರ್‌ಬೋರ್ಡುಗಳನ್ನು ವಾಪಸ್ ಪಡೆಯಲಾಯಿತು. ಅದೇ ವರ್ಷ ಸ್ಯಾಮ್‌ಸಂಗ್ ನೋಟ್ 7 ಫೋನು. ವಿಮಾನ ಹತ್ತುವಾಗ 'ನಿಮ್ಮ ಹತ್ತಿರ ನೋಟ್ 7 ಇದೆಯಾ' ಅಂತ ಕೇಳುತ್ತಿದ್ದದ್ದು ನಿಮಗೂ ನೆನಪಿರಬಹುದು. ಆದರೂ ಇವೆಲ್ಲ ದೂರದ ಸುದ್ದಿ ಅಂತಲೇ ಅನಿಸುತ್ತಿತ್ತು.

ನಮ್ಮಲ್ಲಿ ಆ ಹೊತ್ತಿಗೆ ಗಾಡಿ ಬೇರೆ ದಿಕ್ಕಿನಲ್ಲಿ ಓಡುತ್ತಿತ್ತು. ದೇಶದಲ್ಲಿ ಎಲ್ಲರಿಗಿಂತ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ಕರ್ನಾಟಕ, 2017ರಲ್ಲಿ. 2018ರಲ್ಲಿ ಏಥರ್ ತನ್ನ ಮೊದಲ ಸ್ಕೂಟರ್ ಮಾರಿದ್ದು ಬೆಂಗಳೂರಿನಲ್ಲೇ. 2019ರ ಏಪ್ರಿಲ್‌ನಲ್ಲಿ ಕೇಂದ್ರದ ಫೇಮ್-2 ಯೋಜನೆ ಬಂತು. 2021ರ ಜೂನಿನಲ್ಲಿ ದ್ವಿಚಕ್ರಕ್ಕೆ ಕೊಡುವ ಸಬ್ಸಿಡಿಯನ್ನು ಕಿಲೋವ್ಯಾಟ್-ಅವರಿಗೆ 10,000ದಿಂದ 15,000 ರೂಪಾಯಿಗೆ ಏರಿಸಿದರು. ಪೆಟ್ರೋಲು ನೂರು ದಾಟಿತ್ತು. ಒಂದೇ ವರ್ಷದಲ್ಲಿ ಇ-ಸ್ಕೂಟರ್ ಮಾರಾಟ ಹಲವು ಪಟ್ಟು ಹೆಚ್ಚಿತು. ಹೊಸ ಹೊಸ ಕಂಪನಿಗಳು ಹುಟ್ಟಿದವು. ಸೆಲ್ ಹೊರದೇಶದ್ದು, ಪ್ಯಾಕ್ ಕಟ್ಟೋದು ಇಲ್ಲಿ. ಪ್ಯಾಕ್ ಕಟ್ಟುವುದರಲ್ಲೇ ಜೋಡಣೆಯ ಗುಟ್ಟಿರುವುದು.

2022ರ ಬೇಸಿಗೆ ಶುರುವಾಯಿತು. ಮಾರ್ಚ್ 25ರ ರಾತ್ರಿ ವೆಲ್ಲೂರಿನಲ್ಲಿ ಮನೆಯಲ್ಲಿ ಚಾರ್ಜಿಗೆ ಇಟ್ಟಿದ್ದ ಓಕಿನಾವಾ ಸ್ಕೂಟರಿಗೆ ಬೆಂಕಿ ಹತ್ತಿ ತಂದೆ, ಮಗಳು ಇಬ್ಬರೂ ತೀರಿಕೊಂಡರು. ಮಾರನೇ ದಿನ ಪುಣೆಯಲ್ಲಿ ರಸ್ತೆ ಬದಿ ನಿಂತಿದ್ದ ಓಲಾ ಸ್ಕೂಟರ್ ಹೊಗೆಯಾಡಿ ಉರಿದ ವಿಡಿಯೋ ದೇಶವೆಲ್ಲ ಓಡಾಡಿತು. ಏಪ್ರಿಲ್ 9ರಂದು ನಾಸಿಕದಲ್ಲಿ ಕಂಟೈನರಿನಲ್ಲಿ ಸಾಗಿಸುತ್ತಿದ್ದ ಜಿತೇಂದ್ರ ಇವಿಯ 20 ಸ್ಕೂಟರ್ ಸುಟ್ಟವು. ಅದೇ ತಿಂಗಳು ನಿಜಾಮಾಬಾದಿನಲ್ಲಿ ಚಾರ್ಜಿಗೆ ಇಟ್ಟಿದ್ದ ಬ್ಯಾಟರಿ ಸಿಡಿದು ಎಂಬತ್ತು ವರ್ಷದ ಹಿರಿಯರೊಬ್ಬರು, ವಿಜಯವಾಡದಲ್ಲಿ ಇನ್ನೊಬ್ಬರು ಸತ್ತರು. ಏಪ್ರಿಲ್ 21ರಂದು ಸಾರಿಗೆ ಸಚಿವ ನಿತಿನ್ ಗಡ್ಕರಿ ನಿರ್ಲಕ್ಷ್ಯ ತೋರಿದ ಕಂಪನಿಗಳಿಗೆ ಭಾರೀ ದಂಡ ಹಾಕುವುದಾಗಿ ಎಚ್ಚರಿಸಿದರು. ಆ ತಿಂಗಳಲ್ಲಿ ಓಕಿನಾವಾ 3,215, ಪ್ಯೂರ್ ಇವಿ 2,000, ಓಲಾ 1,441 ಸ್ಕೂಟರ್‌ಗಳನ್ನು ವಾಪಸ್ ಕರೆಸಿ ತಪಾಸಣೆ ಮಾಡುವುದಾಗಿ ಹೇಳಿದವು. ಮೂರೂ ಸೇರಿ 6,656.

ಸರ್ಕಾರ ಡಿಆರ್‌ಡಿಒದ ಅಗ್ನಿಸುರಕ್ಷತಾ ಕೇಂದ್ರಕ್ಕೆ ತನಿಖೆ ವಹಿಸಿತು, ಹೈದರಾಬಾದಿನ ಎಆರ್‌ಸಿಐ ಸಂಸ್ಥೆಯ ಟಾಟಾ ನರಸಿಂಗ ರಾವ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. 2022ರ ಆಗಸ್ಟ್ 29ರಂದು ಎಐಎಸ್-156 ಅನ್ನುವ ಮಾನದಂಡಕ್ಕೆ ತಿದ್ದುಪಡಿ ಹೊರಬಂತು. ಅಕ್ಟೋಬರ್ 1ರಿಂದ ಜಾರಿ ಅಂದದ್ದು ಮುಂದೆ ಹೋಗಿ, 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31 ಅಂತ ಎರಡು ಹಂತವಾಯಿತು.

ಆ ತಿದ್ದುಪಡಿಯಲ್ಲಿ ಹಲವು ವಿಷಯ ಇವೆ: ಸೆಲ್ಲುಗಳ ನಡುವೆ ಅಂತರ, ಕಾವು ಅಳೆಯುವ ಸೆನ್ಸರ್‌ಗಳು, ಸೆಲ್ ಎಲ್ಲಿಂದ ಬಂತು ಅನ್ನೋ ದಾಖಲೆ, ನೀರು ಒಳಗೆ ಹೋಗದ ಪೆಟ್ಟಿಗೆ, ಸವಾರನಿಗೆ ಕೇಳುವ-ಕಾಣುವ ಎಚ್ಚರಿಕೆ. ಇವುಗಳ ನಡುವೆ ಒಂದು ಪರೀಕ್ಷೆ ಇದೆ. ಪ್ಯಾಕಿನೊಳಗಿನ ಒಂದು ಸೆಲ್ಲನ್ನು ಬೇಕೆಂದೇ ಕೆಡಿಸಬೇಕು. ಇಡೀ ಪ್ಯಾಕು ಹೊತ್ತಿಕೊಳ್ಳಬಾರದು, ಸಿಡಿಯಬಾರದು. ಬೋಯಿಂಗ್ 2013ರ ವಸಂತದಲ್ಲಿ ಕಲಿತ ಪಾಠ ನಮ್ಮ ಸ್ಕೂಟರಿಗೆ ಪೂರ್ತಿ ಇಳಿದದ್ದು 2023ರ ವಸಂತದಲ್ಲಿ. ಹತ್ತು ವರ್ಷ ಹಿಡಿಯಿತು, ಆದರೂ ಬಂತಲ್ಲ. ಇವತ್ತು ನೀವು ಕೊಳ್ಳುವ ನೋಂದಾಯಿತ ಹೊಸ ಸ್ಕೂಟರ್ 2021ರದ್ದಕ್ಕಿಂತ ಹೆಚ್ಚು ಕಟ್ಟುನಿಟ್ಟಿನ ಪರೀಕ್ಷೆ ದಾಟಿ ಬಂದಿರುತ್ತೆ. ಇದನ್ನು ಒಪ್ಪಿಕೊಳ್ಳಲೇಬೇಕು.

ಆದರೆ ಕಾನೂನು ಬರೆದದ್ದು ಪೆಟ್ಟಿಗೆಯೊಳಗಿನ ನೆರೆಹೊರೆಗೆ ಮಾತ್ರ. ಪೆಟ್ಟಿಗೆಯ ಹೊರಗೂ ನೆರೆಹೊರೆ ಇದೆ.

ತಿದ್ದುಪಡಿ ಬಂದು ಎರಡು ವಾರ ಆಗಿತ್ತಷ್ಟೆ. 2022ರ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನಲ್ಲಿ, ಕೆಳಗೆ ಇ-ಸ್ಕೂಟರ್ ಶೋರೂಮ್, ಮೇಲೆ ಹೋಟೆಲ್ ಇದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಎಂಟು ಜನ ಸತ್ತರು. ಮೇಲಿದ್ದವರಿಗೆ ಮೃತ್ಯುವಾದದ್ದು ಹೆಚ್ಚಾಗಿ ಹೊಗೆ, ಮೆಟ್ಟಿಲ ದಾರಿಯನ್ನೇ ಹಿಡಿದು ಏರಿದ ಹೊಗೆ. ಲಿಥಿಯಂ ಬ್ಯಾಟರಿಯ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ, ಹೈಡ್ರೋಜನ್ ಫ್ಲೋರೈಡ್ ಇರುತ್ತೆ. ಉರಿ ಮುಟ್ಟುವ ಮೊದಲೇ ಅದು ಮುಟ್ಟುತ್ತೆ. ಎರಡು ವರ್ಷ ಎರಡು ತಿಂಗಳ ನಂತರ ರಾಜಾಜಿನಗರ.

ಅಲ್ಲಿ ಸುಟ್ಟ 45 ಸ್ಕೂಟರಿನ ಲೆಕ್ಕ ಹಾಕಿ ನೋಡಿ. ಒಂದೊಂದರಲ್ಲಿ ಬರೀ ನೂರು ಸೆಲ್ ಅಂತ ಇಟ್ಟುಕೊಂಡರೂ ನಾಲ್ಕೂವರೆ ಸಾವಿರ ಸೆಲ್, ಒಂದೇ ಸೂರಿನಡಿ. ಪಕ್ಕದ ಸ್ಕೂಟರಿಗೆ ದಾಟಲು ಬ್ಯಾಟರಿಯೇ ಬೇಕು ಅಂತಲೂ ಇಲ್ಲ. ಪ್ಲಾಸ್ಟಿಕ್ ಬಾಡಿ, ಸೀಟಿನ ಫೋಮು, ಟೈರು, ವೈರು ಎಲ್ಲವೂ ಸಾಕು. ವಾಹನಗಳು ಒತ್ತಾಗಿ ನಿಂತಿದ್ದರೆ ಏನಾಗುತ್ತೆ ಅನ್ನೋದನ್ನು ಉತ್ತರ ಬೆಂಗಳೂರು ಕಣ್ಣಾರೆ ಕಂಡಿದೆ. 2019ರ ಫೆಬ್ರವರಿ 23ರಂದು ಯಲಹಂಕ ವಾಯುನೆಲೆಯ ಏರೋ ಇಂಡಿಯಾ ಪ್ರದರ್ಶನದ ಪಾರ್ಕಿಂಗಿನಲ್ಲಿ ಒಣಹುಲ್ಲಿಗೆ ಹತ್ತಿದ ಬೆಂಕಿ ಗಾಳಿಗೆ ಹಬ್ಬಿ ಸುಮಾರು 300 ಕಾರು ಬೂದಿಯಾದವು. ಅಲ್ಲಿ ಬ್ಯಾಟರಿಯ ಮಾತೇ ಇರಲಿಲ್ಲ. ಇದ್ದದ್ದು ಒಂದರ ಪಕ್ಕ ಒಂದು ನಿಲ್ಲಿಸಿದ ಸಾಲು. ಬಯಲಾಗಿದ್ದರಿಂದ ಜನ ಉಳಿದರು, ಯಾರ ಪ್ರಾಣವೂ ಹೋಗಲಿಲ್ಲ. ಅದೇ ಸಾಲನ್ನು ನಾಲ್ಕು ಗೋಡೆಯ ನಡುವೆ ಇಟ್ಟು, ಹೊರಗೆ ಹೋಗಲು ಒಂದೇ ಬಾಗಿಲು ಇಟ್ಟರೆ ಅದಕ್ಕೆ ಶೋರೂಮ್ ಅಂತ ಕರೆಯುತ್ತೇವೆ.

ಗ್ಯಾಸ್ ಸಿಲಿಂಡರಿನ ವಿಷಯದಲ್ಲಿ ನಾವು ಹೀಗಿಲ್ಲ. ಮನೆಗೆ ಒಂದೆರಡು ಸಿಲಿಂಡರ್ ಸರಿ, ಆದರೆ ನೂರು ಕಿಲೋಗಿಂತ ಹೆಚ್ಚು ಅಡುಗೆ ಅನಿಲ ಇಟ್ಟುಕೊಳ್ಳಬೇಕಾದರೆ ಸ್ಫೋಟಕ ಸುರಕ್ಷತಾ ಇಲಾಖೆಯ ಪರವಾನಗಿ ಬೇಕು, ಗೋಡೌನಿನ ಸುತ್ತ ಜಾಗ ಬಿಡಬೇಕು. ಅದಕ್ಕೇ ಏಜೆನ್ಸಿಯ ಆಫೀಸು ಆರ್.ಟಿ. ನಗರದ ಮುಖ್ಯರಸ್ತೆಯಲ್ಲಿದ್ದರೂ ಗೋಡೌನು ಜನವಸತಿಯಿಂದ ದೂರ ಇರುತ್ತೆ. ಪೆಟ್ರೋಲ್ ಬಂಕಿನ ಟ್ಯಾಂಕು ನೆಲದೊಳಗೆ ಇರುತ್ತೆ. ಹತ್ತಾರು ಬ್ಯಾಟರಿ ತುಂಬಿದ ಸ್ಕೂಟರ್ ಅಂಗಡಿಯನ್ನು ಮಾತ್ರ ನಾವು ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿ ಸಾಲಿನಲ್ಲಿ, ಮೇಲೆ ಪಿಜಿ ಇರುವ ಕಟ್ಟಡದ ನೆಲಮಹಡಿಯಲ್ಲಿ ಕೂರಿಸುತ್ತೇವೆ. ಮಾರಾಟಕ್ಕಿಟ್ಟ ಗಾಡಿಗಳಲ್ಲಿ ಎಷ್ಟನ್ನು ಒಳಗೆ ಇಡಬಹುದು, ಚಾರ್ಜಿಂಗ್ ಎಲ್ಲಿ ಮಾಡಬೇಕು, ರಿಪೇರಿಗೆ ಬಂದ ಗಾಡಿ ಎಲ್ಲಿ ನಿಲ್ಲಬೇಕು ಅನ್ನೋದು ಅಂಗಡಿಯವರ ವಿವೇಕಕ್ಕೆ ಬಿಟ್ಟದ್ದು ಅನ್ನುವ ಹಾಗೆ ನಡೆದುಕೊಳ್ಳುತ್ತಿದ್ದೇವೆ. ಅಲ್ಲಿ ದಿನಕ್ಕೆ ಎಂಟು-ಹತ್ತು ಗಂಟೆ ಕೂತು ಬಿಲ್ ಬರೆಯುವವರು, ಟೆಸ್ಟ್ ರೈಡ್ ಕೊಡುವವರು ಹೆಚ್ಚಾಗಿ ಇಪ್ಪತ್ತರ ಹರೆಯದ ಹುಡುಗ ಹುಡುಗಿಯರು. ಎರಡನೇ ಬಾಗಿಲು ಎಲ್ಲಿದೆ ಅಂತ ಕೇಳುವ ಸ್ಥಿತಿಯಲ್ಲಿ ಅವರಿರುವುದಿಲ್ಲ.

ಇನ್ನು ಮೂರನೇ ನೆರೆಹೊರೆ, ನಮ್ಮ ಮನೆ.

ಮತ್ತಿಕೆರೆ, ಗಂಗಾನಗರ, ಆರ್.ಟಿ. ನಗರ, ಸಹಕಾರನಗರ, ಯಲಹಂಕ ನ್ಯೂಟೌನ್ ಎಲ್ಲಿಗೇ ಹೋಗಿ, 30-40 ಸೈಟಿನ ಬಾಡಿಗೆ ಕಟ್ಟಡದ ನಕ್ಷೆ ಒಂದೇ. ಕೆಳಗೆ ಪಾರ್ಕಿಂಗ್. ಅಲ್ಲೇ ಗೋಡೆಗೆ ಎಲ್ಲ ಮನೆಗಳ ಬೆಸ್ಕಾಂ ಮೀಟರ್ ಬೋರ್ಡು. ಅದರ ಪಕ್ಕದಿಂದ ಮೇಲಕ್ಕೆ ಹೋಗುವ ಒಂದೇ ಮೆಟ್ಟಿಲು. ಮೆಟ್ಟಿಲ ಕೆಳಗೆ ಪ್ಲಗ್ ಪಾಯಿಂಟು, ಅಲ್ಲಿಂದ ಎಕ್ಸ್‌ಟೆನ್ಷನ್ ಬಾಕ್ಸು, ಅದರಿಂದ ಸ್ಕೂಟರು. ಇನ್ವರ್ಟರ್ ಇದ್ದ ಜಾಗವೇ. ಸ್ಕೂಟರ್, ಮೀಟರ್ ಬೋರ್ಡು, ಮೆಟ್ಟಿಲು ಮೂರೂ ಕೈಗೆಟುಕುವ ದೂರದಲ್ಲಿ. ಅಲ್ಲಿ ಉರಿ ಎದ್ದರೆ ಕರೆಂಟು ಆರಿಸಲು ಹೋಗುವ ಹಾಗಿಲ್ಲ, ಮೇಲಿನವರು ಕೆಳಗಿಳಿಯುವ ಹಾಗಿಲ್ಲ. ಸಿಕಂದರಾಬಾದಿನ ಕಟ್ಟಡದ ಪುಟ್ಟ ಪ್ರತಿ ಅದು.

'ಪೆಟ್ರೋಲ್ ಗಾಡಿ ಉರಿಯಲ್ವಾ' ಅನ್ನುವವರಿಗೆ ಉತ್ತರ ಇಲ್ಲಿದೆ. ಉರಿಯುತ್ತೆ. ಎಷ್ಟು ಸಲ ಉರಿಯುತ್ತೆ ಅನ್ನೋ ಜಗಳ ಬೇಕಾಗಿಲ್ಲ. ಪೆಟ್ರೋಲ್ ಗಾಡಿಗೆ ಇಂಧನ ತುಂಬೋದು ಬಂಕಿನಲ್ಲಿ, ಎಂಜಿನ್ ಆರಿಸಿ, ಎರಡೇ ನಿಮಿಷ, ಎಚ್ಚರವಾಗಿದ್ದಾಗ. ಇವಿಗೆ ತುಂಬೋದು ಮನೆಯಲ್ಲಿ, ಗಂಟೆಗಟ್ಟಲೆ, ನಾವು ನಿದ್ದೆಯಲ್ಲಿದ್ದಾಗ. ವೆಲ್ಲೂರಿನ ಸಾವು, ನಿಜಾಮಾಬಾದಿನ ಸಾವು ಎರಡೂ ಮನೆಯೊಳಗಿನವು, ಚಾರ್ಜಿಗೆ ಇಟ್ಟಾಗಿನವು.

ಹಾಗಂತ ಅಸೋಸಿಯೇಷನ್ನುಗಳು 'ಬೇಸ್‌ಮೆಂಟಿನಲ್ಲಿ ಚಾರ್ಜಿಂಗ್ ಬೇಡ' ಅಂತ ಬೋರ್ಡು ಹಾಕಿದರೆ ಕೆಲಸ ಮುಗಿಯಲ್ಲ. 2021ರ ಸೆಪ್ಟೆಂಬರಿನಲ್ಲಿ ಬನ್ನೇರುಘಟ್ಟ ರಸ್ತೆ ಕಡೆಯ ಅಪಾರ್ಟ್‌ಮೆಂಟೊಂದರ ನಿವಾಸಿಯೊಬ್ಬರು ಪಾರ್ಕಿಂಗಿನಲ್ಲಿ ಚಾರ್ಜಿಂಗ್ ಪಾಯಿಂಟಿಗೆ ಒಪ್ಪಿಗೆ ಸಿಗದೆ ತಮ್ಮ ಸ್ಕೂಟರನ್ನು ಲಿಫ್ಟಿನಲ್ಲಿ ಐದನೇ ಮಹಡಿಗೆ ಒಯ್ದು ಅಡುಗೆಮನೆಯಲ್ಲಿ ಚಾರ್ಜ್ ಮಾಡಿದರು. ಆ ಫೋಟೋ ಆಗ ಎಲ್ಲರ ಫೋನಿನಲ್ಲೂ ಇತ್ತು, ನಕ್ಕವರೂ ಬಹಳ. ಅದು ನಿಯಮದ ಫಲ. ಕೆಳಗೆ ಬೇಡ ಅಂದರೆ ಬ್ಯಾಟರಿ ಮಾಯವಾಗಲ್ಲ, ಮೇಲಕ್ಕೆ ಹೋಗುತ್ತೆ. ಅಡುಗೆಮನೆಗೆ, ಬೆಡ್‌ರೂಮಿಗೆ, ಪಿಜಿಯ ಮಂಚದ ಕೆಳಗೆ.

ಇದನ್ನು ನಮಗಿಂತ ಮೊದಲು ಅನುಭವಿಸಿದ್ದು ನ್ಯೂಯಾರ್ಕ್. ಅಲ್ಲಿ ಊಟ ಮುಟ್ಟಿಸುವ ಹುಡುಗರು ಇ-ಬೈಕುಗಳ ಅಗ್ಗದ ಬ್ಯಾಟರಿಯನ್ನು ತಮ್ಮ ಇಕ್ಕಟ್ಟಿನ ಕೋಣೆಗೆ ಒಯ್ದು ಚಾರ್ಜ್ ಮಾಡುತ್ತಿದ್ದರು. 2023ರಲ್ಲಿ ಆ ಒಂದೇ ನಗರದಲ್ಲಿ ಲಿಥಿಯಂ ಬ್ಯಾಟರಿ ಬೆಂಕಿಗೆ 18 ಜನ ಸತ್ತರು. ಅದೇ ವರ್ಷದ ಸೆಪ್ಟೆಂಬರಿನಿಂದ ಪರೀಕ್ಷೆ ದಾಟಿದ ಪ್ರಮಾಣಪತ್ರ ಇಲ್ಲದ ಇ-ಬೈಕು, ಬ್ಯಾಟರಿ ಮಾರುವುದನ್ನೂ ಬಾಡಿಗೆಗೆ ಕೊಡುವುದನ್ನೂ ನಗರ ನಿಷೇಧಿಸಿತು. ಲಂಡನ್ನಿನಲ್ಲಿ ಸುರಂಗ ರೈಲೊಂದರಲ್ಲಿ ಬೆಂಕಿ ಬಂದ ಮೇಲೆ 2021ರ ಡಿಸೆಂಬರಿನಿಂದ ಬಸ್ಸು, ರೈಲಿನೊಳಗೆ ಖಾಸಗಿ ಇ-ಸ್ಕೂಟರ್ ತರುವಂತಿಲ್ಲ.

ಹೆಬ್ಬಾಳ, ಮಾನ್ಯತಾ, ಥಣಿಸಂದ್ರ ಸುತ್ತ ರಾತ್ರಿ ಹನ್ನೊಂದಕ್ಕೆ ನಿಮಗೆ ಬಿರಿಯಾನಿ ತಂದುಕೊಡುವ ಹುಡುಗನ ಗಾಡಿ ಗಮನಿಸಿ. ಬಹಳ ಸಲ ನಂಬರ್ ಪ್ಲೇಟು ಇರಲ್ಲ. ಗಂಟೆಗೆ 25 ಕಿ.ಮೀ. ಮೀರದ, 250 ವ್ಯಾಟ್ ಮೀರದ ಗಾಡಿ ಕಾನೂನಿನ ಕಣ್ಣಲ್ಲಿ ಮೋಟಾರು ವಾಹನವೇ ಅಲ್ಲ. ನೋಂದಣಿ ಬೇಡ, ಲೈಸೆನ್ಸ್ ಬೇಡ. ದಿನಕ್ಕೆ ಹನ್ನೆರಡು ಗಂಟೆ ಓಡುವುದು, ಹೊಂಡಗಳಲ್ಲಿ ಕುಲುಕುವುದು, ಮಳೆಯಲ್ಲಿ ನೆನೆಯುವುದು ಈ ಗಾಡಿಗಳೇ. ಇವುಗಳಲ್ಲಿ ಬಾಡಿಗೆಗೆ ಸಿಗುವ ಕೆಲವು ಬ್ಯಾಟರಿ ಬದಲಿಸುವ ಕೇಂದ್ರಗಳಲ್ಲಿ ನಡೆಯುತ್ತವೆ. ಬೆಂಗಳೂರಿನದೇ ಯುಲು, ಸನ್ ಮೊಬಿಲಿಟಿ ಥರದ ಕಂಪನಿಗಳು ಆ ದಾರಿ ಹಿಡಿದಿವೆ. ಖಾಲಿ ಬ್ಯಾಟರಿ ಕೊಟ್ಟು ತುಂಬಿದ್ದು ಒಯ್ಯಬಹುದು. ಆಗ ಚಾರ್ಜಿಂಗ್ ಮಲಗುವ ಕೋಣೆಯಿಂದ ಹೊರಬರುತ್ತೆ. ಸ್ವಂತ ಅಗ್ಗದ ಗಾಡಿ ಇರುವವನ ಬ್ಯಾಟರಿ ಮಾತ್ರ ಕೋಣೆಗೇ ಹೋಗುತ್ತೆ. ಅದು ಹಳತಾದಾಗ ಪ್ಯಾಕ್ ಬಿಚ್ಚಿ ಸತ್ತ ಸೆಲ್ ಬದಲಿಸಿಕೊಳ್ಳುತ್ತಾನೆ. ಹೊಸ ಸೆಲ್ಲಿನ ಪಕ್ಕ ಹಳೇ ಸೆಲ್. ಅಲ್ಲಿಗೆ ಎಐಎಸ್-156 ತಲುಪುವುದಿಲ್ಲ.

ಒಂದು ಮಾತು ಹೇಳಲೇಬೇಕು. ಉತ್ತರ ಬೆಂಗಳೂರಿಗೆ ತಿಳಿವಳಿಕೆಯ ಕೊರತೆ ಇಲ್ಲ. ವಿದ್ಯುತ್ ಉಪಕರಣಗಳ ಪರೀಕ್ಷೆ, ಸಂಶೋಧನೆಗೆ 1960ರಲ್ಲಿ ಸ್ಥಾಪನೆಯಾದ ಸಿಪಿಆರ್‌ಐ ಇರುವುದು ಸರ್ ಸಿ.ವಿ. ರಾಮನ್ ರಸ್ತೆಯಲ್ಲಿ. ಅದರ ಹತ್ತಿರವೇ ಭಾರತೀಯ ವಿಜ್ಞಾನ ಸಂಸ್ಥೆ. 2023ರಲ್ಲಿ ಲಾಗ್9 ಕಂಪನಿ ಲಿಥಿಯಂ ಸೆಲ್ ತಯಾರಿಕೆಯ ಘಟಕ ತೆರೆದದ್ದು ಜಕ್ಕೂರಿನಲ್ಲಿ. ಸೆಲ್ ಹೇಗೆ ಕೆಡುತ್ತೆ ಅಂತ ಬಲ್ಲವರು ನಮ್ಮ ಪಕ್ಕದ ಬೀದಿಯಲ್ಲೇ ಇದ್ದಾರೆ. ಆ ತಿಳಿವಳಿಕೆ ಪ್ಯಾಕಿನವರೆಗೆ ಬಂದು ನಿಂತಿದೆ, ಕಟ್ಟಡದವರೆಗೆ ಬಂದಿಲ್ಲ. 2019ರಲ್ಲಿ ಕೇಂದ್ರ ತನ್ನ ಮಾದರಿ ಕಟ್ಟಡ ನಿಯಮ ತಿದ್ದಿ ಪಾರ್ಕಿಂಗಿನ ಶೇ. 20 ಜಾಗಕ್ಕೆ ಇವಿ ಚಾರ್ಜಿಂಗ್ ಇರಲಿ ಅಂದಿತು. ಒಳ್ಳೆಯದೇ. ಎಷ್ಟು ಪ್ಲಗ್ ಅನ್ನೋದನ್ನು ಅದು ಎಣಿಸಿತು. ಪ್ಲಗ್ಗಿಗೂ ಮೆಟ್ಟಿಲಿಗೂ ಎಷ್ಟು ದೂರ ಅನ್ನೋದನ್ನು ನಾವೇ ಅಳೆಯಬೇಕಾಗಿದೆ.

ಅಳೆಯೋದು ಕಷ್ಟವಲ್ಲ. ಇವತ್ತು ಸಂಜೆ ಮನೆಗೆ ಹೋದಾಗ ಪಾರ್ಕಿಂಗಿನಲ್ಲಿ ಎರಡು ನಿಮಿಷ ನಿಲ್ಲಿ. ಚಾರ್ಜ್ ಆಗುವ ಸ್ಕೂಟರ್ ಮೆಟ್ಟಿಲಿನಿಂದ, ಮೀಟರ್ ಬೋರ್ಡಿನಿಂದ ದೂರ, ಕಾಂಪೌಂಡ್ ಗೋಡೆಯ ಕಡೆ, ಆಕಾಶ ಕಾಣುವ ಕಡೆ ನಿಲ್ಲಬಹುದೇ ನೋಡಿ. ಅಲ್ಲಿಗೆ ಪ್ರತ್ಯೇಕ ಲೈನು, ಎಂಸಿಬಿ, ಅರ್ಥಿಂಗ್ ಇರುವ ಒಂದು ಪಾಯಿಂಟನ್ನು ಎಲೆಕ್ಟ್ರಿಷಿಯನ್ ಹಾಕಿಕೊಡುತ್ತಾನೆ. ಕಂಪನಿ ಕೊಟ್ಟ ಚಾರ್ಜರ್ ಬಿಟ್ಟು ಬೇರೆಯದು ಬೇಡ. ಬಿಸಿಲಲ್ಲಿ ಓಡಿಸಿ ಬಂದ ಕೂಡಲೇ ಪ್ಲಗ್ ಹಾಕಬೇಡಿ, ಅರ್ಧ ಗಂಟೆ ತಣಿಯಲಿ. ಪ್ಯಾಕ್ ಉಬ್ಬಿದ್ದರೆ, ಬಿದ್ದು ಪೆಟ್ಟಾಗಿದ್ದರೆ, ನೀರಿನಲ್ಲಿ ಮುಳುಗಿದ್ದರೆ ಮನೆಯೊಳಗೆ ತರಬೇಡಿ. ತೆಗೆಯಬಹುದಾದ ಬ್ಯಾಟರಿ ಆದರೆ ಹಾಸಿಗೆ, ಸೋಫಾ ಹತ್ತಿರ ಬೇಡ, ಮನೆಯ ಮುಂಬಾಗಿಲ ಹತ್ತಿರವಂತೂ ಬೇಡವೇ ಬೇಡ. ಹೊಗೆ ಕಂಡರೆ ನೀವು ಆರಿಸಲು ಹೋಗಬೇಡಿ. ಪುಡಿ ಸಿಂಪಡಿಸುವ ಸಿಲಿಂಡರ್ ಜ್ವಾಲೆ ಅಡಗಿಸಬಹುದು, ಒಳಗಿನ ಕಾವು ಆರಲ್ಲ, ಮತ್ತೆ ಹೊತ್ತಿಕೊಳ್ಳುತ್ತೆ. ಅದನ್ನು ತಣಿಸಲು ಬಹಳ ನೀರು ಬೇಕು, ಅದು ಅಗ್ನಿಶಾಮಕ ದಳದವರ ಕೆಲಸ. ನೀವು ಎಲ್ಲರನ್ನೂ ಎಬ್ಬಿಸಿ, ಬಾಗಿಲು ಎಳೆದುಕೊಂಡು ಹೊರಗೆ ಬಂದು 112ಕ್ಕೆ ಫೋನ್ ಮಾಡಿ. ಫೋನಿನಲ್ಲಿ 'ಬ್ಯಾಟರಿ ಬೆಂಕಿ' ಅಂತ ಹೇಳೋದು ಮರೆಯಬೇಡಿ.

ಅಪಾರ್ಟ್‌ಮೆಂಟಿನವರಾದರೆ ಮುಂದಿನ ಮೀಟಿಂಗಿನಲ್ಲಿ 'ಚಾರ್ಜಿಂಗ್ ಬೇಕಾ ಬೇಡವಾ' ಅನ್ನುವ ವಿಷಯವನ್ನು 'ಚಾರ್ಜಿಂಗ್ ಎಲ್ಲಿ' ಅಂತ ಬದಲಿಸಿ ಬರೆಸಿ. ಎರಡು ಗಾಡಿಯ ನಡುವೆ ಎಷ್ಟು ಜಾಗ, ಗಾಡಿಗೂ ಮೆಟ್ಟಿಲಿಗೂ ಎಷ್ಟು ಜಾಗ, ಹೊಗೆ ಎತ್ತ ಹೋಗುತ್ತೆ ಅಂತ ಕೇಳಿ. ಡೆಲಿವರಿ ಹುಡುಗರು ಕಾಯುವ ಗೇಟಿನ ಹತ್ತಿರ ಬಯಲಿನಲ್ಲಿ ಒಂದು ಪಾಯಿಂಟ್ ಅವರಿಗೂ ಹಾಕಿಸಬಹುದೇ ಕೇಳಿ. ಹೊಸ ಸ್ಕೂಟರ್ ನೋಡಲು ಶೋರೂಮಿಗೆ ಹೋದಾಗ ರೇಂಜ್ ಎಷ್ಟು, ಆಫರ್ ಏನು ಅಂತ ಕೇಳಿದ ಮೇಲೆ, ಇಲ್ಲಿಂದ ಹೊರಹೋಗಲು ಇನ್ನೊಂದು ಬಾಗಿಲು ಎಲ್ಲಿದೆ ಅಂತಲೂ ಕೇಳಿ. ಕೌಂಟರಿನ ಹಿಂದೆ ಕೂತವರು ಆ ಪ್ರಶ್ನೆಯನ್ನು ತಮ್ಮ ಮಾಲೀಕರಿಗೆ ಕೇಳಲಾರರು. ಗ್ರಾಹಕರು ಕೇಳಬಹುದು.